ಮಗಳ ಫಿಟ್ಸ್ ವಿಷಯ ಆಸ್ಪತ್ರೆ ಕಂಪ್ಯೂಟರ್‌ನಿಂದ ಊರಿಗೆಲ್ಲ ಗೊತ್ತಾಗುತ್ತಾ?

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಡಿಗ್ರಿ ಓದುತ್ತಿದ್ದಾಳೆ. ತಲೆಗೆ ಬಿಸಿನೀರು ಹಾಕಿಕೊಳ್ಳುವಾಗ ಅವಳಿಗೆ ಫಿಟ್ಸ್ ಬರುತ್ತದೆ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿ ಪರೀಕ್ಷೆ ಮಾಡಿಸಿದೆವು. ಈಗ ಮಾತ್ರೆ ನಡೀತಿದೆ, ಪರವಾಗಿಲ್ಲ. ಅಡ್ಮಿಷನ್ ಗಡಿಬಿಡಿಯಲ್ಲಿ ತೋರಿಸಿದ ಕಡೆಯೆಲ್ಲ ನಾನೇ ಸಹಿ ಹಾಕಿದ್ದೆ. ಮನೆಗೆ ಬಂದು ನೋಡಿದರೆ ಒಂದು ಕಡೆ ‘ವೈದ್ಯಕೀಯ ದಾಖಲೆಗಳನ್ನು ಬೋಧನೆ ಮತ್ತು ಸಂಶೋಧನೆಗೆ ಬಳಸಿಕೊಳ್ಳಲು ಒಪ್ಪಿಗೆ ಇದೆ’ ಅಂತ ಇದೆ. ಕೌಂಟರ್‌ನಲ್ಲಿ ಆಧಾರ್ ತಗೊಂಡು ಆಭಾ ನಂಬರ್ ಕೂಡ ಮಾಡಿದರು. ಓಟಿಪಿ ನನ್ನ ತಮ್ಮನ ಫೋನಿಗೆ ಬಂತು. ವಾರ್ಡಿನಲ್ಲಿದ್ದ ಪಿಜಿ ಡಾಕ್ಟರ್ ‘ಥೀಸಿಸ್‌ಗೆ ನಿಮ್ಮ ಕೇಸ್ ತಗೋತೀನಿ, ಹೆಸರು ಹಾಕಲ್ಲ’ ಅಂದರು. ಫಿಟ್ಸ್ ಬಂದಾಗ ಬಚ್ಚಲಿನಲ್ಲಿ ನಾವು ಮಾಡಿಕೊಂಡಿದ್ದ ವಿಡಿಯೊವನ್ನು ಅವರ ವಾಟ್ಸ್ಆ್ಯಪ್‌ಗೆ ಕಳಿಸಿದ್ದೇವೆ. ಈಗ ತಮ್ಮ ಹೇಳುತ್ತಾನೆ, ಆಧಾರ್ ಜೋಡಿಸಿದ ಮೇಲೆ ಎಲ್ಲ ಸರ್ಕಾರದ ಕಂಪ್ಯೂಟರ್‌ಗೆ ಹೋಗುತ್ತದೆ, ಯಾರು ಬೇಕಾದರೂ ನೋಡಬಹುದು ಅಂತ. ಇನ್ನೆರಡು ವರ್ಷಕ್ಕೆ ಮದುವೆ ಮಾತು ಶುರುವಾಗುತ್ತದೆ. ಕೆಲಸಕ್ಕೂ ಹೋಗಬೇಕು. ಕೊಟ್ಟ ಒಪ್ಪಿಗೆ ವಾಪಸ್ ಪಡೆಯಬಹುದಾ? ಪಡೆದರೆ ಚಿಕಿತ್ಸೆಗೆ ತೊಂದರೆ ಮಾಡುತ್ತಾರಾ? ದಾಖಲೆ ಪೂರ್ತಿ ಅಳಿಸಿಸಬಹುದಾ?
— ಹೆಸರು ಬೇಡ, ದಕ್ಷಿಣ ಕರ್ನಾಟಕ

ಉತ್ತರ: ನಿಮ್ಮ ಪತ್ರದ ಒಂದೆರಡು ವಿವರ ಬದಲಿಸಿ, ಊರಿನ ಹೆಸರು ತೆಗೆದು ಮೇಲೆ ಕೊಟ್ಟಿದ್ದೇನೆ. ಯಾಕೆ ಅನ್ನುವುದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಒಪ್ಪಿಗೆ ವಾಪಸ್ ಪಡೆಯಬಹುದು. ಪಡೆದಿರಿ ಅಂತ ಚಿಕಿತ್ಸೆ ಕೊಡದೆ ಇರುವಂತಿಲ್ಲ. ದಾಖಲೆ ಪೂರ್ತಿ ಅಳಿಸಿಸುವುದು ಸದ್ಯಕ್ಕೆ ಆಗುವುದಿಲ್ಲ. ಆದರೂ ಅಳಿಸಿಸಿಕೊಂಡರೆ ನಷ್ಟ ನಿಮ್ಮ ಮಗಳಿಗೇ.

ಇನ್ನೊಂದು ಮಾತು. ನೀವು ಹೆದರಿರುವುದು ಆಭಾ ನಂಬರಿಗೆ, ಥೀಸಿಸ್‌ಗೆ. ವಿಡಿಯೊ ವಿಚಾರ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಪತ್ರ ಓದಿದಾಗ ನನಗೆ ದಿಗಿಲಾಗಿದ್ದು ಆ ಸಾಲಿಗೆ. ನಾನು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವನು, ಸಂಶೋಧನೆಯಲ್ಲಿ ರೋಗಿಗಳಿಗೆ ಅನ್ಯಾಯ ಆಗದ ಹಾಗೆ ನೋಡಿಕೊಳ್ಳುವ ಸಂಸ್ಥೆಯ ಎಥಿಕ್ಸ್ ಕಮಿಟಿಯಲ್ಲೂ ಇದ್ದೇನೆ. ರೋಗಿಗಳ ಗುಟ್ಟು ರಟ್ಟಾದ ದೂರುಗಳು ನಮ್ಮ ಮುಂದೆ ಬರುತ್ತವೆ. ಅವುಗಳಲ್ಲಿ ಬಹುಪಾಲು ಶುರುವಾಗುವುದು ಸಂಶೋಧನೆಯಿಂದ ಅಲ್ಲ. ಕೌಂಟರಿನಿಂದ, ಕಾರಿಡಾರಿನಿಂದ, ಯಾರದೋ ಫೋನಿನಿಂದ.

ಆಭಾದಿಂದ ಶುರು ಮಾಡೋಣ. ನಿಮ್ಮ ತಮ್ಮ ಹೇಳಿದ್ದು ತಪ್ಪು. ಆಭಾ ಅಂದರೆ 14 ಅಂಕಿಯ ಒಂದು ನಂಬರ್, ಅಷ್ಟೇ. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಜಾರಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ ಸೇರಿದ್ದು. ಐದು ಲಕ್ಷದವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಕಾರ್ಡ್ ಬೇರೆ, ಇದು ಬೇರೆ. ಜನ ಎರಡನ್ನೂ ಕಲಸಿಬಿಡುತ್ತಾರೆ. ಆಭಾ ನಿಮ್ಮ ಇಷ್ಟಕ್ಕೆ ಬಿಟ್ಟಿದ್ದು. ಮಾಡಿಸಿದ ಮೇಲೂ ನಿಷ್ಕ್ರಿಯ ಮಾಡಬಹುದು, ಡಿಲೀಟ್ ಕೂಡ ಮಾಡಬಹುದು.

ಮಗಳ ಕೇಸ್ ಶೀಟ್, ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ರಿಪೋರ್ಟ್ ದಿಲ್ಲಿಯ ಯಾವುದೋ ದೊಡ್ಡ ಕಂಪ್ಯೂಟರಿಗೆ ಹೋಗಿ ಸೇರುವುದಿಲ್ಲ. ಆಸ್ಪತ್ರೆಯಲ್ಲಿ ಇದ್ದದ್ದು ಅಲ್ಲೇ ಇರುತ್ತದೆ. ನಾಳೆ ಬೇರೆ ಊರಿನ ಡಾಕ್ಟರಿಗೆ ಆ ಆಸ್ಪತ್ರೆಯ ರಿಪೋರ್ಟ್ ಬೇಕು ಅಂದುಕೊಳ್ಳಿ. ಆಗ ಅವರ ಕಡೆಯಿಂದ ಒಂದು ಕೋರಿಕೆ ಬರುತ್ತದೆ. ಯಾವ ದಾಖಲೆ, ಯಾವ ಅವಧಿಯದ್ದು, ಎಷ್ಟು ದಿನ ನೋಡಬಹುದು ಅಂತ ಅದರಲ್ಲಿ ಇರುತ್ತದೆ. ನೀವು ಒಪ್ಪಿದರೆ ಮಾತ್ರ ಅವರಿಗೆ ಕಾಣುತ್ತದೆ. ಕೊಟ್ಟ ಅನುಮತಿ ಹಿಂದಕ್ಕೆ ಪಡೆಯಬಹುದು. ಆಧಾರ್ ಬಳಸಿದ್ದು ನಂಬರ್ ಮಾಡುವಾಗ ಗುರುತು ಖಾತ್ರಿಗೆ. ಆಧಾರ್ ನಂಬರ್ ಗೊತ್ತಿದ್ದವರಿಗೆಲ್ಲ ಇಇಜಿ ತೆರೆದುಕೊಳ್ಳುವುದಿಲ್ಲ.

ಹಾಗಂತ ಎಲ್ಲ ಸರಿ ಇದೆ ಅನ್ನುತ್ತಿಲ್ಲ. ನಿಮ್ಮ ಮಗಳ ವಿಷಯದಲ್ಲಿ ಸರಿ ಇಲ್ಲದ್ದು ಓಟಿಪಿ. ಅದು ಮಾವನ ಫೋನಿಗೆ ಹೋಗುತ್ತಿದೆ ಅಂದರೆ, ‘ನೀವು ಒಪ್ಪಿದರೆ ಮಾತ್ರ’ ಅನ್ನುವಲ್ಲಿ ಒಪ್ಪುವವರು ಮಾವ! ಅವರು ಒಳ್ಳೆಯವರೇ ಇರಬಹುದು. ಆದರೂ ಅವಳ ಆರೋಗ್ಯದ ಬೀಗದ ಕೈ ಅವಳ ಹತ್ತಿರ ಇರಬೇಕು, ಅಲ್ವಾ? ನಮ್ಮ ಕಡೆ ಮನೆಗೆಲ್ಲ ಒಂದೇ ನಂಬರ್ ಕೊಡುವುದು ರೂಢಿ. ರೇಷನ್ ಕಾರ್ಡಿಗೆ ನಡೆಯುತ್ತದೆ, ಇದಕ್ಕೆ ಬೇಡ. ಆಭಾ ಆ್ಯಪ್‌ನಲ್ಲಿ ಮೊಬೈಲ್ ನಂಬರ್ ಬದಲಿಸಿ ಮಗಳದ್ದೇ ಹಾಕಿಸಿ. ಅವಳ ಆಧಾರ್‌ಗೂ ಅವಳದೇ ನಂಬರ್ ಜೋಡಿಸಿ.

ಈಗ ಥೀಸಿಸ್. ‘ಹೆಸರು ಹಾಕಲ್ಲ’ ಅಂದ ಪಿಜಿ ಡಾಕ್ಟರ್ ಸುಳ್ಳು ಹೇಳಿಲ್ಲ. ಆದರೆ ಹೆಸರು ತೆಗೆದ ಮಾತ್ರಕ್ಕೆ ಗುರುತು ಹೋಗುವುದಿಲ್ಲ. ಪಿಜಿ ಹುಡುಗರು ಕಮಿಟಿಗೆ ತರುವ ಎಕ್ಸೆಲ್ ಹಾಳೆ ಹೇಗಿರುತ್ತದೆ ಗೊತ್ತಾ? ಹೆಸರಿನ ಕಾಲಂ ಅಳಿಸಿರುತ್ತಾರೆ. ಪಕ್ಕದಲ್ಲಿ ವಯಸ್ಸು 19. ಹೆಣ್ಣು. ಊರು ಇಂಥದ್ದು. ವಿದ್ಯಾರ್ಥಿನಿ. ಅಡ್ಮಿಟ್ ಆದ ತಾರೀಕು. ಕಾಯಿಲೆ: ಬಿಸಿನೀರಿನ ಸ್ನಾನಕ್ಕೆ ಬರುವ ಫಿಟ್ಸ್. ಆ ಊರಿನವರು ಯಾರಾದರೂ ಈ ಸಾಲು ಓದಿದರೆ ಸಾಕು, ಯಾರ ಮನೆ ಮಗಳು ಅಂತ ಹೇಳಿಬಿಡುತ್ತಾರೆ. ಇನ್ನು ಕೆಲವರು ಇಇಜಿಯ ಚಿತ್ರ ಹಾಕುತ್ತಾರೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು, ಐಪಿ ನಂಬರ್ (ಒಳರೋಗಿಯ ನಂಬರ್) ಹಾಗೇ ಇರುತ್ತದೆ. ಎಂಆರ್‌ಐ ಫೈಲಿನಲ್ಲಂತೂ ಚಿತ್ರದ ಮೇಲೆ ಕಾಣದಿದ್ದರೂ ಒಳಗೆ ಹೆಸರು, ಹುಟ್ಟಿದ ದಿನ ಎಲ್ಲ ಕೂತಿರುತ್ತದೆ. ಡಾಕ್ಟರ್ ಬರೆದ ಟಿಪ್ಪಣಿಯಲ್ಲಿ ‘ತಂದೆ ಇಂಥ ಶಾಲೆಯ ಹೆಡ್‌ಮಾಸ್ಟರ್’ ಅಂತಿರುತ್ತದೆ.

ಇದನ್ನು ಲೋಕಕ್ಕೆಲ್ಲ ತೋರಿಸಿಕೊಟ್ಟವರು ಅಮೆರಿಕದ ಲತಾನ್ಯಾ ಸ್ವೀನಿ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿದ್ದರು. ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಸ್ವೀನಿ ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ದುಡ್ಡು ಕೊಟ್ಟು ತಂದರು. ಹುಟ್ಟಿದ ದಿನ, ಗಂಡೋ ಹೆಣ್ಣೋ, ಪಿನ್ ಕೋಡ್ ಮೂರನ್ನೂ ಹೊಂದಿಸಿದರು. ಆ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ಆಸ್ಪತ್ರೆ ದಾಖಲೆಯೇ ಸಿಕ್ಕಿಬಿಟ್ಟಿತು. ಈ ಮೂರು ವಿವರದಿಂದಲೇ ಅಮೆರಿಕದ ನೂರಕ್ಕೆ 87 ಜನರನ್ನು ಗುರುತು ಹಿಡಿಯಬಹುದು ಅಂತ ಆಮೇಲೆ ಅವರು ಲೆಕ್ಕ ಹಾಕಿದರು.

ಅಷ್ಟು ದೂರ ಹೋಗುವುದೇ ಬೇಡ. 2020ರ ಮಾರ್ಚ್‌ನಲ್ಲಿ, ವಿದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನ್ ಆಗಿದ್ದವರ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಹೊರಗೆ ಬಿಟ್ಟಿತ್ತು. ಬೆಂಗಳೂರಿನ ಪಟ್ಟಿಯಲ್ಲಿ ಹೆಸರು ಇರಲಿಲ್ಲ. ಮನೆ ವಿಳಾಸ ಇತ್ತು! ಅದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತಾಡಿದ ಮೇಲೆ ಹೆಸರು ಇಲ್ಲದಿದ್ದರೆ ಏನು ಬಂತು?

ಹಾಗಾಗಿ ನಾವು ಕಮಿಟಿಯಲ್ಲಿ ಹುಡುಗರನ್ನು ವಾಪಸ್ ಕಳಿಸುತ್ತೇವೆ. 19 ಅಂತ ಬೇಡ, 15ರಿಂದ 20 ಅಂತ ಹಾಕು. ಊರು ಬೇಡ, ಜಿಲ್ಲೆ ಸಾಕು. ತಾರೀಕು ಬೇಡ, ವರ್ಷ ಸಾಕು. ಐಪಿ ನಂಬರ್ ಬದಲು ಸುಮ್ನೆ ಒಂದು ಕೋಡ್ ಕೊಡು. ಯಾವ ಕೋಡ್ ಯಾರದ್ದು ಅನ್ನುವ ಹಾಳೆ ಗೈಡ್ ಹತ್ತಿರ ಬೀಗದಲ್ಲಿರಲಿ, ನಿನ್ನ ಪೆನ್‌ಡ್ರೈವ್‌ನಲ್ಲಿ ಬೇಡ. ಒಂದು ಗುಂಪಿನಲ್ಲಿ ಐದು ಜನಕ್ಕಿಂತ ಕಮ್ಮಿ ಇದ್ದರೆ ಆ ಗುಂಪನ್ನು ಪಕ್ಕದ ಗುಂಪಿಗೆ ಸೇರಿಸು. ಇಷ್ಟು ಮಾಡಿದರೆ ಅಪಾಯ ಬಹಳ ಮಟ್ಟಿಗೆ ಇಳಿಯುತ್ತದೆ. ಸೊನ್ನೆ ಆಗುವುದಿಲ್ಲ. ಅಪರೂಪದ ಕಾಯಿಲೆ ಇದ್ದವರಿಗೆ ಇದು ಯಾವಾಗಲೂ ಸ್ವಲ್ಪ ಜಾಸ್ತಿಯೇ.

ಹಾಗಾದರೆ ಇಂಥ ಅಧ್ಯಯನವೇ ಬೇಡ ಅನ್ನಿಸಬಹುದು. ನಿಮ್ಮ ಮಗಳ ಕಾಯಿಲೆಯನ್ನೇ ತಗೊಳ್ಳಿ. ಬಿಸಿನೀರಿನ ಫಿಟ್ಸ್ ಜಗತ್ತಿನ ಬೇರೆ ಕಡೆ ಬಹಳ ಅಪರೂಪ, ನಮ್ಮ ಹಳೇ ಮೈಸೂರು ಕಡೆ ಅಷ್ಟು ಅಪರೂಪ ಅಲ್ಲ. ಹಂಡೆಯಿಂದ ಸುಡುಸುಡು ನೀರು ತೋಡಿ ಚೊಂಬಿನ ಮೇಲೆ ಚೊಂಬು ನೆತ್ತಿಗೆ ಹೊಯ್ದುಕೊಳ್ಳುವ ನಮ್ಮ ತಲೆಸ್ನಾನಕ್ಕೂ ಇದಕ್ಕೂ ಸಂಬಂಧ ಇದೆ. ಇದು ಗೊತ್ತಾಗಿದ್ದು ಹೇಗೆ? ರೋಗಿಗಳ ಫೈಲುಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರಿಂದ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು 1970ರ ದಶಕದಲ್ಲೇ ಇದರ ಬಗ್ಗೆ ಬರೆದರು. ಅವರ ತಂಡ ಮುಂದೆ ಯಳಂದೂರು ಕಡೆ ಹಳ್ಳಿಗಳಲ್ಲೂ ಫಿಟ್ಸ್ ಬಗ್ಗೆ ಸಮೀಕ್ಷೆ ಮಾಡಿತು. ನಿಮ್ಹಾನ್ಸ್‌ನ ವೈದ್ಯರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಇವತ್ತು ಡಾಕ್ಟರ್ ನಿಮಗೆ ‘ನೀರು ಉಗುರುಬೆಚ್ಚಗಿರಲಿ, ತಲೆಗೆ ಒಂದೇ ಸಮ ಸುರಿಯಬೇಡಿ’ ಅಂತ ಧೈರ್ಯವಾಗಿ ಹೇಳುತ್ತಾರಲ್ಲ, ಕೆಲವರಿಗೆ ಸ್ನಾನಕ್ಕೆ ಮುಂಚೆ ಮಾತ್ರ ಒಂದು ಮಾತ್ರೆ ಕೊಡುತ್ತಾರಲ್ಲ, ಅದರ ಹಿಂದೆ ಇಂಥ ಫೈಲುಗಳಿವೆ. ಆ ರೋಗಿಗಳು ಯಾರು ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಇನ್ನೊಂದು ಉದಾಹರಣೆ ಹೇಳಲೇಬೇಕು, ಯಾಕೆಂದರೆ ನಾಳೆ ನಿಮ್ಮ ಮಗಳಿಗೂ ಬೇಕಾಗಬಹುದು. ಫಿಟ್ಸ್‌ಗೆ ವಾಲ್‌ಪ್ರೊಯೇಟ್ ಅನ್ನುವ ಹಳೆಯ, ಒಳ್ಳೆಯ ಮಾತ್ರೆ ಇದೆ. ಬಸುರಿಯಿದ್ದಾಗ ತಾಯಿ ಅದನ್ನು ತಗೊಂಡರೆ ಮಗುವಿಗೆ ತೊಂದರೆ ಆಗುತ್ತದಾ? ಡೆನ್ಮಾರ್ಕ್‌ನಲ್ಲಿ ಎಲ್ಲ ಆಸ್ಪತ್ರೆ, ಔಷಧ ದಾಖಲೆಗಳನ್ನು ಜೋಡಿಸಿ ನೋಡುವ ವ್ಯವಸ್ಥೆ ಇದೆ. 1996ರಿಂದ 2006ರವರೆಗೆ ಹುಟ್ಟಿದ 6,55,615 ಮಕ್ಕಳ ದಾಖಲೆ ನೋಡಿದರು. ವಾಲ್‌ಪ್ರೊಯೇಟ್ ತಗೊಂಡ ತಾಯಂದಿರ ಮಕ್ಕಳಲ್ಲಿ ಆಟಿಸಂ ನೂರಕ್ಕೆ ಸುಮಾರು 4.4, ಉಳಿದವರಲ್ಲಿ ಸುಮಾರು 1.5. ನಮ್ಮ ಪಕ್ಕದ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲೂ ಫಿಟ್ಸ್ ಇರುವ ಗರ್ಭಿಣಿಯರ ರಿಜಿಸ್ಟ್ರಿ 1998ರಿಂದ ನಡೆಯುತ್ತಿದೆ. ಇವೆಲ್ಲದರ ಫಲವಾಗಿ ಈಗ ಮದುವೆ ವಯಸ್ಸಿನ ಹೆಣ್ಣುಮಕ್ಕಳಿಗೆ ಆ ಮಾತ್ರೆ ಬರೆಯುವ ಮುಂಚೆ ಡಾಕ್ಟರ್ ಎರಡು ಸಲ ಯೋಚಿಸುತ್ತಾರೆ. ಮಗಳದ್ದು ಯಾವ ಮಾತ್ರೆ ಅಂತ ಕೇಳಿ ತಿಳಿದುಕೊಳ್ಳಿ. ಆದರೆ ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ಬರುವ ಫಿಟ್ಸ್ ಜೀವಕ್ಕೇ ಅಪಾಯ.

ಸಂಶೋಧನೆಯಲ್ಲಿ ಎರಡು ಬಗೆ ಇದೆ. ನಿಮ್ಮ ಪಿಜಿ ಡಾಕ್ಟರ್ ಮಾಡುವುದು ಒಂದು. ಐವತ್ತೋ ನೂರೋ ಕೇಸು, ಒಂದು ಗೈಡ್, ಒಂದು ಕಮಿಟಿ, ಕೊನೆಗೆ ಲೈಬ್ರರಿಯಲ್ಲಿ ಒಂದು ಪುಸ್ತಕ. ಇನ್ನೊಂದು, ಆಸ್ಪತ್ರೆ ತನ್ನ ದಾಖಲೆಗಳನ್ನು ಇಡಿಯಾಗಿ ಹೊರಗಿನ ಕಂಪನಿಗೆ ಕೊಡುವುದು, ಎಐ ತಯಾರಿಸಲಿಕ್ಕೆ ಅಂತ. ನನಗೆ ಕಸಿವಿಸಿ ಆಗುವುದು ಎರಡನೆಯದಕ್ಕೆ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಸುಮಾರು 16 ಲಕ್ಷ ರೋಗಿಗಳ ವಿವರವನ್ನು ಗೂಗಲ್‌ಗೆ ಸೇರಿದ ಡೀಪ್‌ಮೈಂಡ್ ಅನ್ನುವ ಎಐ ಕಂಪನಿಗೆ ಕೊಟ್ಟಿತ್ತು. ಉದ್ದೇಶ ಒಳ್ಳೆಯದೇ, ಕಿಡ್ನಿ ಕೆಡುವುದನ್ನು ಬೇಗ ಹಿಡಿಯುವುದು. ಆದರೆ ರೋಗಿಗಳಿಗೆ ಸರಿಯಾಗಿ ತಿಳಿಸಿಲ್ಲ, ಕಾನೂನು ಪಾಲಿಸಿಲ್ಲ ಅಂತ 2017ರಲ್ಲಿ ಅಲ್ಲಿನ ಮಾಹಿತಿ ಆಯುಕ್ತರು ಹೇಳಿದರು. ಅದಕ್ಕೆ ಒಂದು ವರ್ಷ ಮುಂಚೆ ಇಂಗ್ಲೆಂಡಿನ ಕೇರ್ ಡಾಟ್ ಡೇಟಾ ಅನ್ನುವ ದೊಡ್ಡ ಯೋಜನೆಯೇ ಮುಚ್ಚಿತ್ತು. ಎಲ್ಲ ಡಾಕ್ಟರ್‌ಗಳ ದಾಖಲೆ ಒಂದೆಡೆ ಸೇರಿಸುತ್ತೇವೆ ಅಂದರು, ಯಾರಿಗೆ ಕೊಡುತ್ತೀರಿ ಅಂದರೆ ನೇರ ಉತ್ತರ ಬರಲಿಲ್ಲ. ಜನ ನಂಬಲಿಲ್ಲ.

ಅದೇ ದೇಶ 2020ರಲ್ಲಿ ಕೋವಿಡ್ ಬಂದಾಗ ಬೇರೆ ದಾರಿ ಹಿಡಿಯಿತು. ಓಪನ್‌ಸೇಫ್ಲಿ ಅಂತ ಅದರ ಹೆಸರು. ಅದರಲ್ಲಿ ದಾಖಲೆ ಹೊರಗೆ ಬರುವುದೇ ಇಲ್ಲ. ಸಂಶೋಧಕ ತನ್ನ ಪ್ರಶ್ನೆಯನ್ನು ಒಳಗೆ ಕಳಿಸುತ್ತಾನೆ. ಲೆಕ್ಕ ಅಲ್ಲೇ ಆಗುತ್ತದೆ. ಉತ್ತರದ ಕೋಷ್ಟಕ ಮಾತ್ರ ಹೊರಗೆ ಬರುತ್ತದೆ. ಯಾರು ಏನು ಕೇಳಿದರು ಅನ್ನುವುದೂ ಎಲ್ಲರಿಗೂ ಕಾಣುತ್ತದೆ. ಹೀಗೆ 1.7 ಕೋಟಿಗೂ ಹೆಚ್ಚು ಜನರ ದಾಖಲೆ ನೋಡಿ ಕೋವಿಡ್‌ನಲ್ಲಿ ಯಾರಿಗೆ ಅಪಾಯ ಜಾಸ್ತಿ ಅಂತ ಕೆಲವೇ ತಿಂಗಳಲ್ಲಿ ಹೇಳಿದರು. ನಮ್ಮ ದೊಡ್ಡ ಆಸ್ಪತ್ರೆಗಳೂ ಹೀಗೇ ಮಾಡಲಿ ಅನ್ನುವುದು ನನ್ನ ಆಸೆ. ಆದರೆ ಸದ್ಯಕ್ಕೆ ನಮ್ಮಲ್ಲಿ ಪೆನ್‌ಡ್ರೈವ್ ಕಾಲವೇ ನಡೆಯುತ್ತಿದೆ.

ಕಾನೂನು ಏನು ಹೇಳುತ್ತದೆ ಅಂತ ನೀವು ಕೇಳಿಲ್ಲ, ಆದರೂ ಚುಟುಕಾಗಿ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್‌ನಲ್ಲಿ ಹೇಳಿದರು. ಆ ಕೇಸ್ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ ಬಂತು. ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ಮಾಹಿತಿ ಕಾಪಾಡದೆ ಸೋರಿಹೋಗಲು ಬಿಟ್ಟರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು.

ಆ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ. ಆ ಮಾಹಿತಿಯಿಂದ ಒಬ್ಬ ವ್ಯಕ್ತಿಯ ಬಗ್ಗೆ ಯಾವ ನಿರ್ಧಾರವನ್ನೂ ಮಾಡಬಾರದು, ಸರ್ಕಾರ ಹೇಳಿದ ಮಾನದಂಡ ಪಾಲಿಸಬೇಕು ಅನ್ನುವುದು ಷರತ್ತು. ನನಗೆ ಆ ಸಾಲು ಸಡಿಲ ಅನ್ನಿಸುತ್ತದೆ. ಅದರಲ್ಲಿ ಎಥಿಕ್ಸ್ ಕಮಿಟಿಯ ಮಾತೇ ಇಲ್ಲ. ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮ ಅಂತ ಬೇರೆ ಇಟ್ಟು ನೋಡುವ ಪದ್ಧತಿಯೂ ಆ ಕಾಯ್ದೆಯಲ್ಲಿಲ್ಲ, 2011ರ ಐಟಿ ನಿಯಮಗಳಲ್ಲಿ ಇತ್ತು. ಸದ್ಯಕ್ಕೆ ನಮ್ಮನ್ನು ಹಿಡಿದು ನಿಲ್ಲಿಸುವುದು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ. ಅದರ ಪ್ರಕಾರ ಹಳೆಯ ಫೈಲುಗಳನ್ನು ಗುರುತು ತೆಗೆದು ನೋಡುವುದಾದರೆ, ರೋಗಿಯ ಒಪ್ಪಿಗೆ ಬೇಡ ಅಂತ ಕಮಿಟಿ ಬಿಡಬಹುದು. ಅಂದರೆ ನೀವು ಸಹಿ ಹಾಕದಿದ್ದರೂ ಹಳೆಯ ಫೈಲು ಹಾಗೆ ಬಳಕೆಯಾಗಬಹುದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಆದರೆ ಎದುರಿಗೆ ಇರುವ ರೋಗಿಯನ್ನು ಥೀಸಿಸ್‌ಗೆ ಸೇರಿಸಿಕೊಳ್ಳುವುದಾದರೆ ಕಥೆ ಬೇರೆ. ಏನು ಮಾಡುತ್ತೇವೆ, ಏನು ಅಪಾಯ, ಬೇಡ ಅನ್ನಬಹುದು ಅನ್ನುವುದನ್ನೆಲ್ಲ ಕನ್ನಡದಲ್ಲಿ ಬರೆದ ಹಾಳೆ ಕೊಡಬೇಕು, ಪ್ರತ್ಯೇಕ ಸಹಿ ತಗೋಬೇಕು. ಅಡ್ಮಿಷನ್ ಫಾರಂನ ಆ ಒಂದು ಸಾಲು ಅದಕ್ಕೆ ಸಾಲದು. ವಾರ್ಡಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಹೋದದ್ದಂತೂ ಸಾಲದೇ ಸಾಲದು.

ಇನ್ನು ವಿಡಿಯೊ. ಫಿಟ್ಸ್ ಬಂದಾಗ ವಿಡಿಯೊ ಮಾಡಿ ಅಂತ ನಾವೇ ಹೇಳುತ್ತೇವೆ. ಯಾವ ಬಗೆಯ ಫಿಟ್ಸ್ ಅಂತ ಗೊತ್ತಾಗಲು ಅದರಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗುವುದಿಲ್ಲ. ಆದರೆ ಬಚ್ಚಲಿನಲ್ಲಿ ತೆಗೆದ, ಮುಖ ಕಾಣುವ, ಹೆಣ್ಣುಮಗಳ ವಿಡಿಯೊ ಈಗ ಒಬ್ಬ ಡಾಕ್ಟರ ಸ್ವಂತ ಫೋನಿನಲ್ಲಿದೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಾದರೆ ಯಾರು ತೆರೆದರು ಅನ್ನುವ ಲೆಕ್ಕ ಉಳಿಯುವಂತೆ ಮಾಡಬಹುದು. ಸ್ವಂತ ಫೋನಿನಲ್ಲಿ ಅದೇನೂ ಇಲ್ಲ. ಆ ಡಾಕ್ಟರ್ ಪ್ರಾಮಾಣಿಕರೇ ಇರಬಹುದು. ಆದರೂ ವಾಟ್ಸ್ಆ್ಯಪ್‌ನ ವಿಡಿಯೊ ತಾನಾಗಿಯೇ ಫೋನಿನ ಗ್ಯಾಲರಿಗೆ ಇಳಿದಿರುತ್ತದೆ. ಅಲ್ಲಿಂದ ಡ್ರೈವ್‌ಗೆ ಬ್ಯಾಕಪ್ ಆಗಿರುತ್ತದೆ. ‘ಯೂನಿಟ್ ಗ್ರೂಪ್’ ಅಂತ ಒಂದಿರುತ್ತದೆ, ಒಳ್ಳೆಯ ಕೇಸ್ ಅಂತ ಅಲ್ಲಿಗೆ ಹೋಗಿರುತ್ತದೆ. ಪಿಜಿ ಮುಗಿಸಿ ಅವರು ಊರಿಗೆ ಹೋದರೂ ವಿಡಿಯೊ ಫೋನಿನಲ್ಲೇ ಇರುತ್ತದೆ.

ಅವರಿಗೆ ಫೋನ್ ಮಾಡಿ ಜಗಳ ಆಡಬೇಡಿ. ನೇರವಾಗಿ ಕೇಳಿ: ‘ಡಾಕ್ಟ್ರೇ, ಆ ವಿಡಿಯೊ ಯಾರಿಗೆಲ್ಲ ಕಳಿಸಿದ್ದೀರಿ? ಕೇಸ್ ಶೀಟ್‌ಗೆ ಬೇಕಿದ್ದರೆ ಆಸ್ಪತ್ರೆಯ ಕಂಪ್ಯೂಟರ್‌ಗೆ ಹಾಕಿ, ನಿಮ್ಮ ಫೋನಿನಿಂದ, ಬ್ಯಾಕಪ್‌ನಿಂದ ಅಳಿಸಿ.’ ನಿಮ್ಮ ಮನೆಯವರ ಫೋನುಗಳಲ್ಲಿ ಎಷ್ಟು ಪ್ರತಿ ಇದೆ ಅಂತಲೂ ನೋಡಿ. ಇಇಜಿ ಮಾಡುವಾಗ ಆಸ್ಪತ್ರೆಯವರೇ ನೀರು ಹೊಯ್ದು ವಿಡಿಯೊ ತೆಗೆದಿದ್ದರೆ, ಕ್ಲಾಸಿನಲ್ಲಿ, ಕಾನ್ಫರೆನ್ಸ್‌ನಲ್ಲಿ ಅದನ್ನು ತೋರಿಸಲು ಬೇರೆಯೇ ಒಪ್ಪಿಗೆ ಬೇಕು. ಪತ್ರಿಕೆಯಲ್ಲಿ ಫೋಟೊ ಹಾಕುವುದಿದ್ದರೂ ಅಷ್ಟೇ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಕು ಅನ್ನುವುದು ಹಳೇ ಕಾಲದ ನಂಬಿಕೆ.

ಈಗ ನಿಮ್ಮ ಮುಂದಿರುವ ದಾರಿಗಳು.

ಎಲ್ಲದಕ್ಕೂ ಬೇಡ ಅನ್ನುವುದು ಒಂದು. ಸಂಶೋಧನೆ ಬೇಡ, ಆಭಾ ಬೇಡ ಅಂತ ಬರೆದುಕೊಡಬಹುದು. ಇದರಿಂದ ಚಿಕಿತ್ಸೆಗೆ ಅಡ್ಡಿ ಆಗಬಾರದು. ಆದರೆ ಇದರಲ್ಲಿ ಎರಡು ಸಂಗತಿ ಇದೆ. ಈಗಾಗಲೇ ಲೆಕ್ಕಕ್ಕೆ ಸೇರಿ ಪ್ರಕಟವಾಗಿದ್ದರೆ ಅದನ್ನು ಹಿಂದಕ್ಕೆ ತರಲು ಬರುವುದಿಲ್ಲ. ಇನ್ನು ಆಭಾ ಡಿಲೀಟ್ ಮಾಡಿದರೆ ಆಸ್ಪತ್ರೆಯಲ್ಲಿರುವ ಫೈಲು ಅಳಿಯುವುದಿಲ್ಲ, ಅದು ಅಲ್ಲೇ ಇರುತ್ತದೆ.

ದಾಖಲೆಯನ್ನೇ ಅಳಿಸಿಸುವುದು ಇನ್ನೊಂದು. ಒಳರೋಗಿಯ ದಾಖಲೆಯನ್ನು ಕನಿಷ್ಠ 3 ವರ್ಷ ಇಟ್ಟುಕೊಳ್ಳಬೇಕು ಅಂತ ವೈದ್ಯರಿಗೆ 2002ರಿಂದಲೇ ನಿಯಮ ಇದೆ. ಹಾಗಾಗಿ ಈಗ ಕೇಳಿದರೂ ಅಳಿಸುವುದಿಲ್ಲ. ಅಳಿಸುವುದು ಬೇಡ ಅಂತ ನಾನೂ ಹೇಳುತ್ತೇನೆ. ಮಗಳು ನಾಳೆ ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಬಿದ್ದರೆ, ಕ್ಯಾಶುವಾಲ್ಟಿಯ ಡಾಕ್ಟರಿಗೆ ಯಾವ ಮಾತ್ರೆ, ಎಷ್ಟು ಡೋಸು, ಯಾವುದು ಆಗಿಬರಲಿಲ್ಲ ಅಂತ ಗೊತ್ತಿರಬೇಕು. ಅಳಿಸುವ ಬದಲು ಪ್ರತಿ ತಗೊಳ್ಳಿ. ನೀವು ಅರ್ಜಿ ಕೊಟ್ಟ 72 ಗಂಟೆಯೊಳಗೆ ಕೊಡಬೇಕು ಅಂತ ಅದೇ ನಿಯಮದಲ್ಲಿದೆ. ಎಂಆರ್‌ಡಿ, ಅಂದರೆ ವೈದ್ಯಕೀಯ ದಾಖಲೆ ವಿಭಾಗದ ಕೌಂಟರಿನಲ್ಲಿ ಕೇಳಿ.

ಮೂರನೆಯದು ಆಯ್ಕೆ ಮಾಡಿ ಒಪ್ಪುವುದು. ಗುರುತು ತೆಗೆದು ಥೀಸಿಸ್ ಮಾಡುವುದಾದರೆ ಸರಿ. ವಿಡಿಯೊ, ಫೋಟೊ ಬೇಡ. ಹೊರಗಿನ ಕಂಪನಿಗೆ ಕೊಡುವುದಿದ್ದರೆ ಮತ್ತೆ ಬಂದು ಕೇಳಿ. ನನ್ನ ಮನೆಯವರಿಗಾದರೆ ನಾನು ಇದನ್ನೇ ಹೇಳುತ್ತೇನೆ. ಇದರಲ್ಲೂ ಅಪಾಯ ಇಲ್ಲದೇ ಇಲ್ಲ. 2022ರ ನವೆಂಬರ್‌ನಲ್ಲಿ ದಿಲ್ಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ದಾಳಿ ಆಗಿ ಸುಮಾರು ಎರಡು ವಾರ ಕೈಬರಹದಲ್ಲಿ ಕೆಲಸ ನಡೆಯಿತು. ಫಿನ್ಲೆಂಡಿನಲ್ಲಿ ವಾಸ್ತಾಮೊ ಅನ್ನುವ ಮನೋಚಿಕಿತ್ಸಾ ಸಂಸ್ಥೆಯ ದಾಖಲೆ ಕದ್ದು, 2020ರಲ್ಲಿ ಒಬ್ಬೊಬ್ಬ ರೋಗಿಗೂ ಮೇಲ್ ಕಳಿಸಿ ದುಡ್ಡು ಕೇಳಿದರು. ಗಮನಿಸಿ, ಎರಡೂ ಕಡೆ ಕಳ್ಳರು ಕೈ ಹಾಕಿದ್ದು ಸಂಶೋಧಕರ ಹಾಳೆಗೆ ಅಲ್ಲ. ಚಿಕಿತ್ಸೆಯ ದಾಖಲೆಗೇ. ಸಂಶೋಧನೆಗೆ ಬೇಡ ಅಂದವರದ್ದೂ ಅಲ್ಲಿ ಇರುತ್ತದೆ.

ಕೆಲಸ, ಮದುವೆ ಬಗ್ಗೆ ಬರೆದಿದ್ದೀರಿ, ಜೊತೆಗೆ ಇನ್ಶೂರೆನ್ಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಕೆಲಸ ಕೊಡುವವರಿಗೆ ಆಸ್ಪತ್ರೆ ದಾಖಲೆ ನೋಡುವ ಹಕ್ಕಿಲ್ಲ. ಅವರಿಗೆ ತಿಳಿಯುವುದು ಅವರು ಮಾಡಿಸುವ ಮೆಡಿಕಲ್ ಟೆಸ್ಟಿನಿಂದ, ನೀವು ತುಂಬುವ ಫಾರಂನಿಂದ. ಇನ್ಶೂರೆನ್ಸ್‌ನಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕ್ಲೇಮ್ ಸಮಯದಲ್ಲಿ ತಿರಸ್ಕಾರ ಆಗಬಹುದು. ಕ್ಯಾಶ್‌ಲೆಸ್ ಕೇಳಿದಾಗ ಡಿಸ್ಚಾರ್ಜ್ ಸಮರಿ, ಕೇಸ್ ಶೀಟ್ ಪ್ರತಿ ಟಿಪಿಎಗೆ (ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಹೋಗುತ್ತದೆ; ಅದಕ್ಕೆ ನೀವೇ ಸಹಿ ಹಾಕಿರುತ್ತೀರಿ.

ಮದುವೆ ವಿಚಾರದಲ್ಲಿ ಡಾಕ್ಟರಾಗಿ ಒಂದೇ ಮಾತು. ಫಿಟ್ಸ್ ಇರುವವರು ಮದುವೆ ಆಗುವಂತಿಲ್ಲ ಅನ್ನುವ ಮಾತು ಹಿಂದೂ ವಿವಾಹ ಕಾಯ್ದೆಯಲ್ಲಿ ಇತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಯಾವಾಗ, ಯಾರಿಗೆ ಹೇಳಬೇಕು ಅನ್ನುವುದು ನಿಮಗೆ, ಮಗಳಿಗೆ ಬಿಟ್ಟದ್ದು. ಆದರೆ ಹುಡುಗನಿಗೆ ಹೇಳದೆ ಮದುವೆ ಮಾಡಬೇಡಿ. ಹೊಸ ಮನೆಯಲ್ಲಿ ಕದ್ದುಮುಚ್ಚಿ ಮಾತ್ರೆ ನುಂಗುವ ಹುಡುಗಿಯರನ್ನು ಒಪಿಡಿಯಲ್ಲಿ ನೋಡುತ್ತಲೇ ಇರುತ್ತೇವೆ. ನೆಂಟರು ಬಂದ ದಿನ ಮಾತ್ರೆ ತಪ್ಪುತ್ತದೆ, ಮೂರನೇ ದಿನ ಫಿಟ್ಸ್ ಬರುತ್ತದೆ.

ಕೊನೆಗೆ ಸಹಿಯ ವಿಚಾರ. ಮಗಳಿಗೆ 19 ತುಂಬಿದೆ, ಪ್ರಜ್ಞೆ ಸರಿ ಇದೆ, ಓದು ಬರಹ ಬಲ್ಲವಳು. ಸಂಶೋಧನೆಗೆ ಒಪ್ಪಿಗೆ ಕೊಡಬೇಕಾದವಳು ಅವಳು. ನೀವು ಹಾಕಿದ ಸಹಿ ಅವಳ ಪರವಾಗಿ ನಿಲ್ಲುವುದಿಲ್ಲ. ಇದನ್ನು ಆಸ್ಪತ್ರೆಯವರೇ ಹೇಳಬೇಕಿತ್ತು. ಅವಳನ್ನು ಕೂರಿಸಿಕೊಂಡು ಮೇಲಿನದ್ದನ್ನು ಓದಿ, ಅವಳು ಏನನ್ನುತ್ತಾಳೋ ಕೇಳಿ. ಮೂರನೇ ದಾರಿ ಸರಿ ಅಂದರೆ, ಅವಳ ಕೈಯಲ್ಲೇ ಬಿಳಿ ಹಾಳೆಯ ಮೇಲೆ ಹೀಗೆ ಬರೆಸಿ:

‘ಮೆಡಿಕಲ್ ಸೂಪರಿಂಟೆಂಡೆಂಟ್ ಅವರಿಗೆ. ನನ್ನ ಆಸ್ಪತ್ರೆ ನಂಬರ್ ಇಂಥದ್ದು. ಅಡ್ಮಿಷನ್ ಸಮಯದಲ್ಲಿ ನನ್ನ ತಾಯಿ ಸಹಿ ಹಾಕಿದ ಸಂಶೋಧನೆಯ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಎಥಿಕ್ಸ್ ಕಮಿಟಿ ಒಪ್ಪಿದ ಅಧ್ಯಯನಕ್ಕೆ, ನನ್ನ ಗುರುತು ಸಿಗದಂತೆ ದಾಖಲೆ ಬಳಸುವುದಾದರೆ ನನಗೆ ವಿವರ ಕೊಟ್ಟು ನನ್ನದೇ ಸಹಿ ಪಡೆಯಬೇಕು. ನನ್ನ ಫೋಟೊ, ವಿಡಿಯೊ ಚಿಕಿತ್ಸೆಗಲ್ಲದೆ ಬೇರೆ ಯಾವುದಕ್ಕೂ ಬಳಸಬಾರದು. ಸಿಬ್ಬಂದಿಯ ಸ್ವಂತ ಫೋನುಗಳಲ್ಲಿ ಇರುವುದನ್ನು ಅಳಿಸಿ ತಿಳಿಸಬೇಕು. ಆಸ್ಪತ್ರೆಯಿಂದ ಹೊರಗಿನ ಯಾವ ಸಂಸ್ಥೆಗೂ ನನ್ನನ್ನು ಕೇಳದೆ ಕೊಡಬಾರದು.’

ಒಂದು ಪ್ರತಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ತಾರೀಕು, ಸೀಲು ಹಾಕಿಸಿಕೊಳ್ಳಿ. ಮತ್ತೊಂದನ್ನು ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಗೆ ಕೊಡಿ. ಆಸ್ಪತ್ರೆಯವರು ತಗೊಳ್ಳಲು ತಕರಾರು ಮಾಡಿದರೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ. ವಿಡಿಯೊ ಹೊರಗೆ ಹೋಗಿದೆ ಅಂತ ಗೊತ್ತಾದರೆ ಅದು ಬೇರೆ ಮಟ್ಟದ ವಿಷಯ. ಆಗ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ಸೈಬರ್ ಪೊಲೀಸರಿಗೂ ದೂರು ಕೊಡಬಹುದು. ಸೈಬರ್ ಸಹಾಯವಾಣಿಯ ನಂಬರ್ 1930.